ಭಾವ ಕೂತ ಮಣೆ

ಭಾವನ ಬೆರಳುಗಳು ಬಾಳೆಕಾಯಿಯ ಹಾಗೆ ದಪ್ಪ. ಆ ಬೆರಳುಗಳ ಸಂದಿಯಿಂದ ಅಕ್ಕಿಹಿಟ್ಟು ಮಲ್ಲಿಗೆ ದಂಡೆಯ ಹಾಗೆ ಹೆಣೆದುಕೊಂಡು, ಬಿಳಿ ಬಟ್ಟೆಯ ಮೇಲೆ ಸುತ್ತು ಸುತ್ತಾಗಿ ಇಳಿಯುತ್ತಿತ್ತು. ಮದರಾಸಿನವರು ಕೈಮುರುಕು ಅನ್ನುತ್ತಾರೆ. ಅಚ್ಚಿಲ್ಲದೆ ಕೈಯಲ್ಲೇ ತಿರುಚುವ ಚಕ್ಕುಲಿ. ಅಲ್ಲಿನ ಮದುವೆಗಳಲ್ಲಿ ಅದಿಲ್ಲದೆ ಉಡುಗೊರೆ ತುಂಬಿದ ಸೀರು ತಟ್ಟೆಗಳು ಗಂಡಿನ ಕಡೆಗೆ ಹೊರಡುವುದಿಲ್ಲ.

ಬೆರಳಷ್ಟೇ ಅಲ್ಲ, ಮನುಷ್ಯನೇ ಹಾಗೆ. ಬಾಗಿಲಲ್ಲಿ ಓರೆಯಾಗಿ ನುಗ್ಗಬೇಕಾದಷ್ಟು ಮೈ; ಬಲಗಾಲಿಗೆ ಆನೆಕಾಲು ರೋಗ. ಅಕ್ಕನನ್ನು ಕೊಡುವಾಗ ಕಾಲು ಸರಿಯಾಗಿಯೇ ಇತ್ತಂತೆ. ಎಪ್ಪತ್ತರ ದಶಕದ ಮೊದಲಲ್ಲಿ ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟು, ಕುಂದಾಪುರದಿಂದ ಮದರಾಸಿಗೆ ಬಂದು ಅವರಿದ್ದ ಅಡುಗೆ ಭಟ್ಟರ ತಂಡ ಸೇರಿದಾಗ, ಇಬ್ಬರು ಹಿಡಿದು ಅವರನ್ನು ಮಣೆಯ ಮೇಲೆ ಕೂರಿಸಬೇಕಿತ್ತು.

ಇವರಿಂದ ಏನು ಕೆಲಸ ಆಗುತ್ತದೆ ಅಂತ ಎಲ್ಲರೂ ಕೇಳುವವರೇ. ತಿಂದು ತಿಂದು ಹೀಗಾದದ್ದು ಅನ್ನುವವರೂ ಇದ್ದರು. ಭಾವ ತಿನ್ನುತ್ತಿದ್ದುದು ನಾನು ತಿನ್ನುವುದರ ಅರ್ಧ. ಹತ್ತಿಸಿಕೊಳ್ಳಲು ಒಲ್ಲೆನೆಂದ ಸೈಕಲ್ ರಿಕ್ಷಾದವನಿಗೆ, ಮೊದಲು ಕಾಲನ್ನು ಬಿಟ್ಟು ಬಾ, ಆಮೇಲೆ ನನ್ನನ್ನು ಕರೆದುಕೊಂಡು ಹೋಗು ಅನ್ನುತ್ತಿದ್ದರು. ಮದುವೆ ಮನೆಯವರು ಕೇಳಿದರೆ ಅವರ ಉತ್ತರ ಒಂದೇ: "ಕಾಲಿಗೆ ಮಾತ್ರ ಹಠ. ಕೈಗೆ ಅದ್ರ ಸುದ್ದಿ ಇನ್ನೂ ಮುಟ್ಲಿಲ್ಲ."

ನನಗೆ ಅವರ ಮೇಲೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನು? ಬಾಣಲೆಯ ಮುಂದೆ ನಿಂತು ಮೈ ಬೇಯಿಸಿಕೊಂಡವನು ನಾನು. ಕೆಲಸದ ಹೊತ್ತಲ್ಲಿ ಕೂತವನಲ್ಲ. ಕೂತು ಮಾಡುವುದು ಕೆಲಸವೇ ಅಲ್ಲ ಅಂದುಕೊಂಡವನು. ಮುರುಕು ಸೀಯದಂತೆ, ಹಸಿಯಾಗಿ ಉಳಿಯದಂತೆ ತೆಗೆಯುವ ಹದ ನನ್ನದು. ಆದರೆ ಮನೆಯ ಹೆಂಗಸರು ಸುತ್ತ ನಿಲ್ಲುವುದು ಭಾವನ ಮಣೆಗೆ, ಮೊದಲ ಕಾಫಿ ಲೋಟ ಅವರ ಕೈಗೆ. ಸುತ್ತಿದ್ದು ಯಾರು ಅಂತ ಎಲ್ಲರೂ ಕೇಳಿದರು. ಕರಿದದ್ದು ಯಾರು ಅಂತ ಒಬ್ಬರೂ ಕೇಳಲಿಲ್ಲ.

ಮೈಲಾಪೂರಿನ ಒಂದು ಮದುವೆ ಮನೆ. ಮದುಮಗಳ ದೊಡ್ಡಪ್ಪ ಹಿಟ್ಟು ಕಲಸುವ ಹೊತ್ತಿಗೆ ಬಂದು, ಭಾವನ ಕಾಲು ನೋಡಿ ಮುಖ ಕಿವುಚಿದರು. "ನಿಕ್ಕವೇ ಮುಡಿಯಾದವನುಕ್ಕು ಇಂಗೆ ಎನ್ನ ವೇಲೆ?" ನಿಲ್ಲಲೂ ಆಗದವನಿಗೆ ಇಲ್ಲೇನು ಕೆಲಸ ಅಂತ. ಶುಭಕಾರ್ಯದಲ್ಲಿ ಇಂಥ ಕಾಲು ಯಾರ ಕಣ್ಣಿಗೂ ಬೀಳಬಾರದಂತೆ. ತಂಡದ ಯಜಮಾನರಾದ ಭಟ್ಟರು ಹೆದರಿ, ಭಾವನನ್ನು ಮನೆಗೆ ಕಳಿಸುವ ಮಾತು ತೆಗೆದರು. ಒಮ್ಮೆ ಹಾಗೆ ಕಳಿಸಿದರೆ ಮುಂದೆ ಯಾವ ಮದುವೆಗೂ ಕರೆಯುವುದಿಲ್ಲ ಅಂತ ನಮಗೆಲ್ಲ ಗೊತ್ತಿತ್ತು. ಭಾವ ತಾವೇ ದಾರಿ ಹುಡುಕಿದರು: ಹಿತ್ತಲಲ್ಲಿ, ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ, ಗೋಡೆಯ ಹಿಂದೆ ಮಣೆ ಹಾಕಿ ಅಂದರು. ಅಲ್ಲಿ ಅವರು ಸುತ್ತಿದ್ದನ್ನು ನಾನು ಬಟ್ಟೆಯ ಸಮೇತ ಹೊತ್ತು ತಂದು ಎಣ್ಣೆಗೆ ಬಿಟ್ಟೆ.

ಸಂಜೆ ಅದೇ ದೊಡ್ಡಪ್ಪ ಮುರುಕೊಂದನ್ನು ಮುರಿದು ಬಾಯಿಗಿಟ್ಟು, ಇದು ಯಾರ ಕೈ ಅಂತ ಕೇಳಿದರು. ಭಟ್ಟರು ನನ್ನನ್ನು ತೋರಿಸಿದರು. ಬೆನ್ನ ಮೇಲೆ ಶಹಭಾಸ್ ಬಿತ್ತು. ವರ್ಷಗಳಿಂದ ನಾನು ಕಾದಿದ್ದು ಅದಕ್ಕೇ. ಆದರೆ ಇನ್ನೊಬ್ಬರ ಎಲೆಯಿಂದ ಎತ್ತಿ ಬಡಿಸಿದ ಹಾಗಿತ್ತು. ನಾನು ಕರಿದವನು, ಸುತ್ತಿದವರನ್ನು ನೀವೇ ಗೋಡೆಯ ಹಿಂದೆ ಕೂರಿಸಿದ್ದೀರಿ ಅಂತ ನನಗೆ ಬರುವ ತಮಿಳಿನಲ್ಲಿ ಹೇಳಿಬಿಟ್ಟೆ. ಅವರು ಅಗಿಯುತ್ತಲೇ ಅತ್ತ ಸರಿದರು.

ಗೋಡೆಯಾಚೆ ಕೇಳಿಸಿಕೊಂಡಿದ್ದ ಭಾವನಿಗೆ ನನ್ನ ಮೇಲೆ ಸಿಟ್ಟು.

"ಎಂತಕ್ಕೆ ಹೇಳಿದೆ ಮಾರಾಯ? ಹೊಗಳಿಕೆ ನೀನೇ ಇಟ್ಕೊ. ಮಣೆ ಒಂದು ನಂಗೆ ಉಳಿದ್ರೆ ಸಾಕು."

ಮಣೆ ಉಳಿಯಿತು. ಆ ದೊಡ್ಡಪ್ಪನ ತಾಯಿಗೆ ಸುದ್ದಿ ಮುಟ್ಟಿ, ಮುದುಕಿ ಹಿತ್ತಲಿಗೇ ಬಂದು, ತೊಳೆಯುವ ಕಲ್ಲಿನ ಮೇಲೆ ಕೂತು ಭಾವ ಸುತ್ತುವುದನ್ನು ನೋಡಿದರು. ಕಿರಿಯ ಮೊಮ್ಮಗಳ ಮದುವೆಗೂ ಇವರೇ ಬರಬೇಕು, ಒಳಗೇ ಕೂರಬೇಕು ಅಂತ ಭಟ್ಟರಿಗೆ ಅಪ್ಪಣೆ ಮಾಡಿದರು. ಬಾಯಿ ಬಿಟ್ಟವನು ನಾನು. ಹೆಸರು ಬಂದದ್ದು ಮತ್ತೆ ಅವರಿಗೆ.

ಎಂಬತ್ತರ ದಶಕದ ಕೊನೆಯಲ್ಲಿ, ಕಾಲಿನಿಂದ ಜ್ವರ ಮೈಗೇರಿ ಭಾವ ಹೋದರು. ಅದರ ಹಿಂದಿನ ಮದುವೆಗೂ ಸುತ್ತಿದ್ದರು. ಅಕ್ಕ ಮಣೆಯನ್ನು ನನಗೆ ಕೊಟ್ಟಳು.

ಈಗ ನನ್ನ ಮಂಡಿಗಳು ನಿಲ್ಲಗೊಡುವುದಿಲ್ಲ. ಅದೇ ಮಣೆಯ ಮೇಲೆ ಕೂತು, ಅವರು ಕಲಿಸಿದ ಹಾಗೆ ಸುತ್ತುತ್ತೇನೆ. ಈ ವಯಸ್ಸಲ್ಲಿ ನಿಮ್ಮಿಂದ ಏನಾಗುತ್ತದೆ ಅಂತ ಯಾರಾದರೂ ಕೇಳಿದರೆ ಭಾವನ ಉತ್ತರವನ್ನೇ ಕೊಡುತ್ತೇನೆ. ಅವರು ಕೂತು ಕೂತು ಮರದ ನಡುವೆ ತಗ್ಗು ಬಿದ್ದಿದೆ. ಅದರಲ್ಲಿ ಕೂತರೆ ನನ್ನ ಎರಡೂ ಬದಿಗೆ ಜಾಗ ಉಳಿಯುತ್ತದೆ. ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ.