ಪುಸ್ತಕದ ಮನೆಯ ಮಾಳಿಗೆ

ಆತಗೂರಿನ ಚಿಕ್ಕಬೋರಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಮದ್ದೂರಿನ ಹೊರಗೆ ಎದ್ದಿದ್ದ ಹುಡುಗಿಯರ ಮಿಶನ್ ಕಾಲೇಜಿನಲ್ಲಿ ಅವಳ ಕೈ ತಾಗದ ಮಾಳಿಗೆಯೇ ಇರಲಿಲ್ಲ. ಔಷಧಿಯ ಕೋಣೆ, ಊಟದ ಮನೆ, ಬಾವಿಯ ಪಕ್ಕದ ಒಗೆಯುವ ಚಾವಡಿ, ಎಲ್ಲದರ ನೆತ್ತಿಯ ಮೇಲೂ ಅವಳು ತನ್ನ ಹನ್ನೊಂದು ಹೆಂಗಸರೊಂದಿಗೆ ಕುಕ್ಕರುಗಾಲಲ್ಲಿ ಕೂತು ಗಾರೆ ಬಡಿದಿದ್ದಳು. ಸುಣ್ಣ, ಇಟ್ಟಿಗೆಚೂರು, ಬೆಲ್ಲದ ನೀರು, ಅಳಲೆಕಾಯಿಯ ರಸ ಕಲಸಿ ಹರಡಿ, ಮೂರು ದಿನ ಮರದ ಕೊಡತಿಯಿಂದ ಬಡಿದರೆ ಕಲ್ಲಾಗುತ್ತದೆ. ನಡುವೆ ಕೈಬಿಟ್ಟರೆ ಬಿರುಕು.

೧೯೩೫ರ ಮಾರ್ಚಿನಲ್ಲಿ ಅವರು ಹತ್ತಿದ್ದು ಲೈಬ್ರರಿಯ ಮಾಳಿಗೆಗೆ. "ಒಂದು ತೊಟ್ಟೂ ಸೋರದಂಗೆ ಮಾಡ್ಕೊಟ್ರೆ ಮುಂದಿನ ಆಸ್ಟೆಲ್ ಕೆಲ್ಸಾನೂ ನಿಂದೇಯ. ಸೋರ್ತೋ, ಮೈಸೂರ್ ತಂಡ ಕರೆಸ್ತೀನಿ" ಎಂದು ಮೇಸ್ತ್ರಿ ಪುಟ್ಟಸ್ವಾಮಿ ಮೊದಲೇ ಹೇಳಿದ್ದ.

ಬಡಿತಕ್ಕೆ ಹಾಡು ಬೇಕು. ಹಾಡಿಲ್ಲದೆ ಹನ್ನೆರಡು ಕೊಡತಿ ಒಟ್ಟಿಗೆ ಇಳಿಯುವುದಿಲ್ಲ. ಹಾಡು ಕಟ್ಟುವವಳು ಚಿಕ್ಕಬೋರಮ್ಮನೇ. ಈ ಸಲ ಅವಳು ಹಾಡಿಗೆ ಹಿಡಿದದ್ದು ಪುಟ್ಟಸ್ವಾಮಿಯ ಮೀಸೆಯನ್ನು.

ಮೂರನೆಯ ಬೆಳಿಗ್ಗೆ ಏಣಿಯ ತುದಿಯಲ್ಲಿ ಆ ಮೀಸೆಯೇ ಮೂಡಿತು.

"ಲೇ ಬೋರಮ್ಮ, ಆಡು ನಿಲ್ಸು. ಪಕ್ಕದ ಅಜಾರದಲ್ಲಿ ಎಣ್ಣೈಕ್ಳು ಪರೀಕ್ಸೆ ಬರೀತಾವೆ."

"ಆಡು ನಿಂತ್ರೆ ಕೈ ಎಂಗಾಡ್ತದೆ?"

"ಬಾಯ್ ಮುಚ್ಕೊಂಡು ಬಡೀರಿ!"

"ಅವ್ನ ಮೀಸೆ ಸಂಗ್ತಿ ಪರೀಕ್ಸೇಲಿ ಬರ್ದುಬುಟ್ಟಾರು ಅಂತ ಎದ್ರಿಕೆ ಕಣಮ್ಮ" ಎಂದಳು ಪಕ್ಕದಲ್ಲಿ ಕೂತ ಬೆಳ್ಳಮ್ಮ.

ಬಾಯಿ ಮುಚ್ಚಿ ಬಡಿದರು. ಗಳಿಗೆಯೊಳಗೆ ಕೈಗಳು ಚೆಲ್ಲಾಪಿಲ್ಲಿಯಾದವು. ಒಬ್ಬಳ ಕೊಡತಿ ಏಳುವಾಗ ಇನ್ನೊಬ್ಬಳದು ಇಳಿಯಿತು. ನುಣ್ಣಗಿದ್ದ ಗಾರೆಯ ಮೇಲೆ ಸಣ್ಣ ಸಣ್ಣ ಗುಳಿಗಳು ಬಿದ್ದವು. ಸದ್ದು ಮೊದಲಿಗಿಂತ ಹೆಚ್ಚಾಯಿತು. ಕೆಳಗೆ ಪ್ರಿನ್ಸಿಪಾಲ್ ದೊರೆಸಾನಿ ಬಂದು ನಿಂತರು. ಅವರು ಕನ್ನಡ ಕಲಿತದ್ದು ಗ್ರಂಥಗಳಿಂದ.

"ಅಮ್ಮಂದಿರೇ, ಮಧ್ಯಾಹ್ನದ ಪರ್ಯಂತ ಈ ಕಾರ್ಯವನ್ನು ನಿಲ್ಲಿಸುವಿರಾ?"

ಬಿಸಿಲು ಏರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಗಾರೆ ಬಿಗಿದುಬಿಡುತ್ತದೆ, ಆಮೇಲೆ ಬಡಿದರೂ ಒಂದೇ ಬಿಟ್ಟರೂ ಒಂದೇ. ಚಿಕ್ಕಬೋರಮ್ಮ ಅಂಚಿಗೆ ಬಂದು ಬಗ್ಗಿದಳು.

"ಆಗಾಕಿಲ್ಲ ಕಣವ್ವ. ಮೇಲ್ಬಂದು ನೀನೇ ಕೇಳ್ನೋಡು."

"ಯಾರ್ ಜೊತೆ ಮಾತಾಡ್ತಿದ್ದೀಯೆ!" ಎಂದು ಪುಟ್ಟಸ್ವಾಮಿ ತಲೆಯ ಮೇಲೆ ಕೈಹೊತ್ತ.

ದೊರೆಸಾನಿ ಬೂಟು ಬಿಚ್ಚಿಟ್ಟು, ಉದ್ದನೆಯ ಲಂಗವನ್ನು ಒಂದು ಕೈಯಲ್ಲಿ ಹಿಡಿದು ಬಿದಿರೇಣಿ ಹತ್ತಿಯೇಬಿಟ್ಟರು. ಚಿಕ್ಕಬೋರಮ್ಮ ಬಡಿದು ಗಟ್ಟಿಯಾದ ಮೂಲೆಯಲ್ಲಿ ಒಮ್ಮೆ ಬಡಿದಳು. ಕೊಡತಿ ಚಿಮ್ಮಿ, ಕಂಚಿನ ತಟ್ಟೆಯಂತೆ ಸದ್ದಾಯಿತು. ಇನ್ನೂ ಬಡಿತ ಸಾಲದ ನಟ್ಟನಡುವೆ ಬಡಿದಳು; ನೆನೆದ ಮೂಟೆಯಂತೆ ದೊಬ್ಬೆಂದಿತು. ದೊರೆಸಾನಿ ಕೊಡತಿ ಇಸಿದುಕೊಂಡು ಅಲ್ಲೊಂದು, ಇಲ್ಲೊಂದು, ತಾವೇ ಬಡಿದು ಕಿವಿಗೊಟ್ಟರು.

"ಇಲ್ಲಿಂದಲೇ ಮಳೆ ಇಳಿಯುವುದೋ?"

"ಇನ್ನೆಲ್ಲಿಂದ? ಸೀದಾ ನಿನ್ ಪುಸ್ತಕದ್ಮ್ಯಾಕೆ."

ಸ್ವಲ್ಪ ಹೊತ್ತಿಗೆ ಹುಡುಗಿಯರು ಮಸಿಕುಡಿಕೆ, ಬರೆಯುವ ಹಲಗೆ ಹೊತ್ತು, ಹುಣಿಸೆಮರಗಳಾಚೆಯ ಪ್ರಾರ್ಥನಾ ಮಂದಿರದತ್ತ ನಗುತ್ತ ಸಾಲುಹಿಡಿದರು. ಪರೀಕ್ಷೆ ಅಲ್ಲಿ ನಡೆಯಿತು. ಮಾಳಿಗೆಯ ಮೇಲೆ ಮೀಸೆಯ ಹಾಡು ಮತ್ತೆ ಎದ್ದು, ಸಂಜೆಯ ಹೊತ್ತಿಗೆ ಎಲ್ಲಿ ತಟ್ಟಿದರೂ ಕಂಚಿನ ಸದ್ದು.

ಸೋರುತ್ತದೋ ಎಂದು ನೋಡಲು ಅಂಚಿಗೆ ಮಣ್ಣಿನ ಬದು ಕಟ್ಟಿ, ಪಾದ ಮುಳುಗುವಷ್ಟು ನೀರು ನಿಲ್ಲಿಸಿದರು. ಏಳು ದಿನವೂ ಚಿಕ್ಕಬೋರಮ್ಮ ಬೆಳಿಗ್ಗೆ ಸಂಜೆ ಏಣಿ ಹತ್ತಿ ನೀರಿನ ಮಟ್ಟ ನೋಡಿಬಂದಳು. ಎಂಟನೆಯ ದಿನ ದೊರೆಸಾನಿ ಬಾಗಿಲು ತೆರೆದು ಅವಳನ್ನೇ ಮೊದಲು ಒಳಗೆ ಕರೆದರು; ಹಿಂದೆಯೇ ಪುಟ್ಟಸ್ವಾಮಿ ಬಂದ. ಗೋಡೆಯುದ್ದಕ್ಕೂ ಹೊಸ ತೇಗದ ಬೀರುಗಳು, ಗಾಜಿನ ಕಿಟಕಿ, ಅರ್ಧ ತೆರೆದ ಪುಸ್ತಕದ ಪೆಟ್ಟಿಗೆಗಳು. ಅವಳು ಅದೊಂದನ್ನೂ ನೋಡಲಿಲ್ಲ. ಕತ್ತೆತ್ತಿ ಈ ಗೋಡೆಯಿಂದ ಆ ಗೋಡೆಯವರೆಗೆ, ಮತ್ತೆ ಅಲ್ಲಿಂದ ಇಲ್ಲಿಯವರೆಗೆ ನಿಧಾನವಾಗಿ ನಡೆದಳು. ಬಿಳಿಯ ಸುಣ್ಣದಲ್ಲಿ ಒಂದು ತೇವದ ಕಲೆಯೂ ಇರಲಿಲ್ಲ.

"ಮೇಸ್ತ್ರಿ," ಕತ್ತು ಇಳಿಸದೆಯೇ ಕೇಳಿದಳು, "ಆಸ್ಟೆಲ್ ಕೆಲ್ಸ ಯಾವತ್ತಿಂದ?"