ಬಿಎಸ್ಸಿ ಮುಚ್ಚಿದ ವರ್ಷ

ತೂಬಗೆರೆ ಕಡೆಯ ನಮ್ಮ ಹಳ್ಳಿಯಿಂದ ತಾಲ್ಲೂಕಿನ ಸರ್ಕಾರಿ ಕಾಲೇಜಿಗೆ ಬಸ್ಸಿನಲ್ಲಿ ಅರ್ಧ ಗಂಟೆ. ಹತ್ತಿರವಿದೆ ಅನ್ನೋ ಒಂದೇ ಕಾರಣಕ್ಕೆ ಅಪ್ಪ ಪಿಯುಸಿ ಆದಮೇಲೂ ನನ್ನನ್ನು ಓದಿಸಲು ಒಪ್ಪಿದ್ದರು. ತೊಂಬತ್ತರ ಆಸುಪಾಸು. ಕಾಲೇಜು ಹೊಸದು, ಬಿ.ಎ. ಜೊತೆಗೆ ಆ ವರ್ಷವೇ ಬಿಎಸ್ಸಿ ತೆರೆದಿದ್ದರು. ಸೇರಿದವರು ಹತ್ತೋ ಹನ್ನೊಂದೋ ಜನ, ಅದರಲ್ಲಿ ಹುಡುಗಿಯರು ನಾವು ಮೂವರು.

ನನಗೆ ಕೆಮಿಸ್ಟ್ರಿ ಎಂದರೆ ಹುಚ್ಚು. ಬ್ಯೂರೆಟ್ಟಿನಿಂದ ಕೊನೆಯ ಹನಿ ಬಿದ್ದು ಫ್ಲಾಸ್ಕಿನ ನೀರು ತಿಳಿಗುಲಾಬಿಗೆ ತಿರುಗುವುದನ್ನು ನೋಡುತ್ತಿದ್ದರೆ ಹೊಟ್ಟೆ ಹಸಿದದ್ದೂ ಗೊತ್ತಾಗುತ್ತಿರಲಿಲ್ಲ. ಪಾಠ ಮಾಡುತ್ತಿದ್ದ ಮೇಡಂ ಬೆಂಗಳೂರಿನಿಂದ ಬರುತ್ತಿದ್ದರು. "ನೀನು ಎಂಎಸ್ಸಿ ಮಾಡ್ಬೇಕು ಕಣೇ" ಎಂದು ಒಮ್ಮೆ ಅಂದರು. ಆ ಮಾತನ್ನು ಮನೆಯಲ್ಲಿ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ.

ಮೊದಲ ವರ್ಷದ ಪರೀಕ್ಷೆ ಮುಗಿಯುವಷ್ಟರಲ್ಲಿ ಮೇಡಂಗೆ ವರ್ಗವಾಯಿತು. ಫಿಸಿಕ್ಸಿಗೆ ಮೊದಲಿಂದಲೂ ಯಾರೂ ಇರಲಿಲ್ಲ. ರಜೆ ಮುಗಿಸಿ ಹೋದಾಗ ಪ್ರಿನ್ಸಿಪಾಲರು ನಮ್ಮನ್ನೆಲ್ಲ ಕರೆದು, ಮಕ್ಕಳು ಸಾಲದು, ಲೆಕ್ಚರರ್‌ಗಳಿಲ್ಲ, ಬಿಎಸ್ಸಿ ಮುಚ್ಚುತ್ತಿದ್ದೇವೆ ಅಂದರು. ಹುಡುಗರೆಲ್ಲ ಟಿಸಿ ತಗೊಂಡು ಬೆಂಗಳೂರಿನ ಕಾಲೇಜುಗಳಿಗೆ ಸೇರಿಬಿಟ್ಟರು. ನಾವು ಮೂವರು ಪ್ರಿನ್ಸಿಪಾಲರ ಬಾಗಿಲಲ್ಲಿ ನಿಂತೆವು.

"ನಾವೇನ್ ಮಾಡ್ಬೇಕು ಸಾರ್?"

"ಬಿ.ಎ.ಗೆ ಸೇರ್ಕೊಳ್ರಮ್ಮ. ಮದುವೆ ಆಗೋ ಹೆಣ್ಮಕ್ಕಳಿಗೆ ಯಾವ ಡಿಗ್ರಿ ಆದ್ರೇನು?" ಸಹಿ ಹಾಕುತ್ತಲೇ ಅಂದರು. ತಲೆ ಎತ್ತಲಿಲ್ಲ.

ಅಣ್ಣ ಆಗಲೇ ಬೆಂಗಳೂರಿನಲ್ಲಿ ಬಿಕಾಂ ಓದುತ್ತಿದ್ದ. ದಿನಾ ಊರಿಂದಲೇ ಹೋಗಿಬರುತ್ತಿದ್ದ. ಅವತ್ತು ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿದೆ.

"ಅಣ್ಣನ ಜೊತೇಲೇ ಹೋಗಿ ಅವನ ಜೊತೇಲೇ ಬರ್ತೀನಪ್ಪ. ಅದೇ ಬಸ್ಸು."

"ಅವನು ಗಂಡು ಕಣಮ್ಮ" ಅಂದರು ಅಪ್ಪ. ಗದರಲಿಲ್ಲ. ಗದರಿದ್ದರೆ ನಾನೂ ಏನಾದರೂ ಅನ್ನಬಹುದಿತ್ತೇನೋ. ಅಣ್ಣ ಮುದ್ದೆ ಮುರಿಯುತ್ತ ತಟ್ಟೆಯನ್ನೇ ನೋಡುತ್ತಿದ್ದ. ಅಮ್ಮ ಅವನಿಗೆ ಇನ್ನೊಂದು ಸೌಟು ಸಾರು ಬಿಟ್ಟರು.

ಉಳಿದಿಬ್ಬರು ಹುಡುಗಿಯರು ಓದನ್ನೇ ಬಿಟ್ಟರು. ನಾನು ಬಿ.ಎ.ಗೆ ಸೇರಿದೆ, ಮತ್ತೆ ಮೊದಲ ವರ್ಷದಿಂದ. ಒಂದು ದಿನ ಇತಿಹಾಸದ ಕ್ಲಾಸಿನ ಕಿಟಕಿಯಿಂದ ನೋಡಿದರೆ, ಲ್ಯಾಬಿನ ಗಾಜಿನ ಸಾಮಾನನ್ನು ಹುಲ್ಲಿನಲ್ಲಿ ಸುತ್ತಿ ಟೆಂಪೋಗೆ ತುಂಬುತ್ತಿದ್ದರು, ಬೇರೆ ಯಾವುದೋ ಕಾಲೇಜಿಗೆ. ಮೇಷ್ಟ್ರು ನೋಟ್ಸ್ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ.

ಮದುವೆಯಾಗಿ ಜಡಿಗೇನಹಳ್ಳಿ ಕಡೆಗೆ ಬಂದ ಮೇಲೆ, ಕಾಲೇಜಿನ ದಶಮಾನೋತ್ಸವಕ್ಕೆ ಕರೆ ಬಂತು. ಹೋಗಬಾರದಿತ್ತು, ಹೋದೆ. ಅದೇ ಪ್ರಿನ್ಸಿಪಾಲರು, ಆ ಹೊತ್ತಿಗೆ ನಿವೃತ್ತರು, ಹೊದಿಸಿದ ಶಾಲು ಸರಿಮಾಡಿಕೊಳ್ಳುತ್ತ ಮೈಕಿನ ಮುಂದೆ ನಿಂತರು.

"ಈ ಕಾಲೇಜು ಇಲ್ದಿದ್ರೆ ನಮ್ಮ ಕಡೆ ಹೆಣ್ಮಕ್ಕಳು ಡಿಗ್ರಿ ಮುಖ ನೋಡ್ತಿರಲಿಲ್ಲ. ಅಲ್ಲಿ ಕೂತಿದ್ದಾಳೆ ನೋಡಿ, ನಮ್ಮ ಹಳೇ ವಿದ್ಯಾರ್ಥಿನಿ" ಎಂದು ನನ್ನ ಕಡೆ ಕೈ ತೋರಿಸಿದರು. ಎಲ್ಲರೂ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು.

ಅವರು ಹೇಳಿದ್ದು ಸುಳ್ಳಲ್ಲ. ನನಗೆ ಇವತ್ತಿಗೂ ನುಂಗಲಾಗದ್ದು ಅದೇ. ಎದ್ದು ನಿಂತು ಕೈ ಮುಗಿದೆ. ಊಟಕ್ಕೆ ನಿಲ್ಲಲಿಲ್ಲ.