ಗ್ರಹಣದ ದಿನ ನನ್ನ ಮಗಳು ಒಳಗಿದ್ದಳು

ನೀಲಮ್ಮ, ಗ್ರಹಣದ ದಿನ ನನ್ನ ಮಗಳನ್ನು ಕತ್ತಲೆಯ ಕೋಣೆಯಲ್ಲಿ ಕೂರಿಸಿದವಳು ನಾನೇ. ಬೀಗರು ಹಟ ಹಿಡಿದರು ಎಂದು ನಿನಗೆ ಹೇಳಿದ್ದು ಸುಳ್ಳು. ಅವರು ಫೋನೇ ಮಾಡಿರಲಿಲ್ಲ.

ಇದನ್ನು ಓದುವ ಉಳಿದವರಿಗೆ ನೀನು ಯಾರೆಂದು ಹೇಳಬೇಕು. ಸಿಂದಗಿಯ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತಿದ್ದಾಗ ನೀನು ನನ್ನ ವಿದ್ಯಾರ್ಥಿನಿ. ಮದುವೆಯಾಗಿ ಯಂಕಂಚಿಗೆ ಹೋದವಳು. ನಾವು ಕೆಲವರು ಕೂಡಿ ಕಟ್ಟಿಕೊಂಡ ಖಗೋಳ ಸಂಘ ಇತ್ತು. ಟೆಲಿಸ್ಕೋಪ್ ಹೊತ್ತುಕೊಂಡು ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಶಾಲೆಗಳಿಗೆಲ್ಲ ತಿರುಗುತ್ತಿದ್ದೆವು. ಮಕ್ಕಳು ಮುಗಿಬಿದ್ದು ಬರುತ್ತಿದ್ದರು. ಹೆಂಗಸರು ಮಾತ್ರ ಎಲ್ಲಿಯೂ ಬರುತ್ತಿರಲಿಲ್ಲ. ಯಂಕಂಚಿಯಲ್ಲಿ ಬಂದರು — ನೀನು ಮನೆಮನೆಗೆ ಹೋಗಿ ಕರೆತಂದಿದ್ದೆ.

ಸೂರ್ಯಗ್ರಹಣ ಸಮೀಪಿಸಿತ್ತು. ನಿಮ್ಮೂರ ಶಾಲೆಯ ಅಂಗಳದಲ್ಲಿ ನಾನು ಮಾತಾಡಿದೆ: ಬಸುರಿಯರು ಹೊರಗೆ ಬಂದರೆ ಏನೂ ಆಗುವುದಿಲ್ಲ, ಉಂಡರೂ ಆಗುವುದಿಲ್ಲ, ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದು ಅಷ್ಟೇ, ಅದಕ್ಕೆ ಬೇಕಾದ ಕನ್ನಡಕ ಸಂಘವೇ ಕೊಡುತ್ತದೆ. ನಿನ್ನ ಹೊಟ್ಟೆ ಆಗಷ್ಟೇ ಕಾಣುತ್ತಿತ್ತು.

"ನಾ ಬರ್ತೇನ್ರಿ ಅಕ್ಕೋರ," ಎಂದೆ ನೀನು.

ನಿನ್ನ ಅತ್ತೆ ಹಿಂದಿನಿಂದ ನನ್ನನ್ನು ಕೇಳಿದರು, "ಹೊಟ್ಟ್ಯಾಗಿನ ಕೂಸಿಗೆ ಏನರ ಆದ್ರ ಯಾರ್ರಿ ಜವಾಬ್ದಾರ್ರು?"

"ನಾನು," ಎಂದೆ. "ನನ್ನ ಮಗಳೂ ಬಸುರಿ ಇದ್ದಾಳ. ಆಕಿನೂ ಬರ್ತಾಳ."

ಆ ಮಾತಿಗೆ ಅವರು ಸುಮ್ಮನಾದರು. ಹೇಳುವಾಗ ಅದು ಸುಳ್ಳಾಗಿರಲಿಲ್ಲ — ಹಾಗೆಂದುಕೊಂಡಿದ್ದೇನೆ. ನನ್ನ ಮಗಳು ಮೇಧಾ ಚೊಚ್ಚಲ ಹೆರಿಗೆಗೆಂದು ಸೊಲ್ಲಾಪುರದ ಗಂಡನ ಮನೆಯಿಂದ ಬಂದಿದ್ದಳು. ಗ್ರಹಣದ ಬೆಳಿಗ್ಗೆ ನನ್ನೊಂದಿಗೆ ಹೊರಡಲು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ನೀ ಬ್ಯಾಡ," ಎಂದೆ.

"ಯಾಕ ಆಯಿ? ನೀನ ಎಲ್ಲಾರಿಗೂ ಹೇಳ್ತಿದ್ದೆಲ್ಲ?"

ಅವಳ ಕೈ ಹಿಡಿದು ಒಳಗೆ ಕರೆದೊಯ್ದೆ. ಒಳಗಿನ ಕೋಣೆಯ ಕಿಟಕಿಗೆ ನಾನೇ ಚಾದರ ಕಟ್ಟಿದೆ. ಚಂದ್ರನ ನೆರಳು ಭೂಮಿಯ ಮೇಲೆ ಹೇಗೆ ಬೀಳುತ್ತದೆಂದು ವರ್ಷಗಟ್ಟಲೆ ಹಲಗೆಯ ಮೇಲೆ ಬರೆದು ತೋರಿಸಿದವಳು ನಾನು. ಏನೂ ಆಗುವುದಿಲ್ಲವೆಂದು ಗೊತ್ತಿತ್ತು — ಚೆನ್ನಾಗಿ ಗೊತ್ತಿತ್ತು. ಆದರೂ, ಒಂದು ವೇಳೆ... ಆ 'ಒಂದು ವೇಳೆ' ನನ್ನ ಮಗಳ ವಿಷಯದಲ್ಲಷ್ಟೇ ಹೊಳೆಯಿತು. ನಿನ್ನ ವಿಷಯದಲ್ಲಿ ಹೊಳೆಯಲೇ ಇಲ್ಲ.

ಅಂಗಳದಲ್ಲಿ ನೀನು ನಮ್ಮ ದಾರಿ ಕಾಯುತ್ತಿದ್ದೆ. "ಮೇಧಾಕ್ಕ ಎಲ್ಲಿ ಅದಾರ್ರಿ?"

"ಆಕಿಗೆ ಸೊಂಟ ನೋವು. ಮಲಗ್ಯಾಳ."

ನೀನು ನಂಬಿದೆ. ಕನ್ನಡಕ ಹಾಕಿಕೊಂಡು ಸೂರ್ಯನನ್ನು ನೋಡಿದೆ, ಎಲ್ಲರೆದುರು ಉಪ್ಪಿಟ್ಟು ತಿಂದೆ. ನಿನ್ನನ್ನು ನೋಡಿ ಮತ್ತೆ ಕೆಲವು ಹೆಂಗಸರು ಕನ್ನಡಕಕ್ಕೆ ಕೈಯೊಡ್ಡಿದರು. ನಮ್ಮ ಸಂಘದ ಅಧ್ಯಕ್ಷರು ನಿನ್ನ ಫೋಟೊ ತೆಗೆದರು. ಮುಂದಿನ ಊರುಗಳಲ್ಲೆಲ್ಲ ಅದನ್ನೇ ತೋರಿಸಿ ಮಾತಾಡಿದೆ — ನಾನೇ.

ಆಮೇಲಿನ ತಿಂಗಳುಗಳನ್ನು ನೀನು ಹೇಗೆ ಕಳೆದೆ ಎಂಬುದು ಬಹಳ ತಡವಾಗಿ ತಿಳಿಯಿತು. ಹೊಟ್ಟೆ ಸ್ವಲ್ಪ ಬಿಗಿದರೂ ಅತ್ತೆ ಗ್ರಹಣದ ಮಾತು ತೆಗೆಯುತ್ತಿದ್ದರು. ಗಂಡ ನಿನ್ನೊಡನೆ ಮಾತು ಬಿಟ್ಟಿದ್ದ. ಹೆರಿಗೆಯಾದ ಕೂಡಲೇ ನೀನು ನರ್ಸ್‌ಗೆ ಕೇಳಿದ್ದು ಗಂಡೋ ಹೆಣ್ಣೋ ಎಂದಲ್ಲ, ತುಟಿ ಸೀಳದೆ ನೆಟ್ಟಗಿದೆಯೇ ಎಂದು.

ನೆಟ್ಟಗಿತ್ತು. ಕೂಸು ಗುಂಡಗುಂಡಗೆ ಇತ್ತು. ಅದನ್ನು ತೋರಿಸಲೆಂದೇ ನೀನು ನಮ್ಮ ಮನೆಗೆ ಬಂದು, ಮೇಧಾಳ ಕೂಸಿನ ಪಕ್ಕ ಮಲಗಿಸಿ, ಇದನ್ನೆಲ್ಲ ನಗುನಗುತ್ತ ಹೇಳಿದೆ. ಮೇಧಾಳಿಗೆ ನನ್ನ ಸೊಂಟನೋವಿನ ಕತೆ ಗೊತ್ತಿರಲಿಲ್ಲ.

"ನೀ ಭಾಳ ಧೈರ್ಯದಾಕಿ," ಎಂದಳು ಅವಳು. "ನನ್ನ ಆಯಿ ಹೊರಗ ಬಿಡಲೇ ಇಲ್ಲ. ಖಿಡಕಿಗೆ ಚಾದರ ಕಟ್ಟಿ ಕೂಡಿಸಿದ್ಲು."

ನೀನು ನನ್ನ ಮುಖ ನೋಡಿದೆ. ಆಗಲಾದರೂ ನಾನು ನಿಜ ಹೇಳಬಹುದಿತ್ತು. "ಬೀಗರು ಫೋನ್ ಮಾಡಿದ್ರವಾ, ಮೀರಲಿಕ್ಕೆ ಆಗಲಿಲ್ಲ," ಎಂದೆ. ಮೇಧಾ ತಲೆ ತಗ್ಗಿಸಿದಳು. ಅವಳನ್ನು ನೋಡಿ ನಿನಗೂ ಎಲ್ಲ ಅರ್ಥವಾಯಿತು.

"ಹಂಗಾರ ನನ್ನ ಕೂಸಿನ ಮ್ಯಾಲೆ ಪರೀಕ್ಷಾ ಮಾಡಿದ್ರೇನ್ರಿ ಅಕ್ಕೋರ?"

ನೀನು ದನಿ ಏರಿಸಲಿಲ್ಲ. ಕೂಸನ್ನು ಎತ್ತಿಕೊಂಡು ಹೋದೆ. ಉಡಿ ತುಂಬಲೆಂದು ತೆಗೆದಿಟ್ಟ ಖಣ ಹಾಗೇ ಉಳಿಯಿತು. ಆ ದಿನ ಮೇಧಾಳೂ ನನ್ನೊಡನೆ ಊಟಕ್ಕೆ ಕೂರಲಿಲ್ಲ.

ಮತ್ತೆ ಸಂಘ ಯಂಕಂಚಿಗೆ ಹೋದಾಗ ಅಂಗಳದಲ್ಲಿ ಶಾಲೆಯ ಮಕ್ಕಳಷ್ಟೇ ಇದ್ದರು. "ಈ ಊರಾಗ ಮೂಢನಂಬಿಕಿ ಭಾಳ ಅದ ಬಿಡ್ರಿ," ಎಂದರು ಅಧ್ಯಕ್ಷರು. ನಾನು ಹೌದೆಂದು ತಲೆಯಾಡಿಸಿದೆ. ನಿನಗೆ ಮಾಡಿದ್ದು ಸಾಲದೆಂಬಂತೆ ಇಡೀ ಊರಿನ ಮೇಲೂ ತಪ್ಪು ಹೊರಿಸಿದೆ — ಅಂದಿನಿಂದ ಸಂಘದಲ್ಲಿ ನಿಮ್ಮೂರಿಗೆ ಅದೇ ಹೆಸರು ಉಳಿಯಿತು.

ಹೋದ ಭಾನುವಾರ ಸಭೆಯಲ್ಲಿ ಎಲ್ಲವನ್ನೂ ಹೇಳಿದೆ.  ಅಧ್ಯಕ್ಷರು, "ಇದು ನಮ್ಮೊಳಗ ಇರಲಿ ಅಕ್ಕೋರ. ಹೊರಗ ಗೊತ್ತಾದ್ರ ಮತ್ತ ನಮ್ಮನ್ನ ಯಾರು ನಂಬ್ತಾರ?" ಎಂದರು. ಸಂಘದ ಒಳ್ಳೆಯದಕ್ಕೇ ಹೇಳಿದರು. ಆದರೆ ಒಳಗೆ ಇಟ್ಟುಕೊಂಡೇ ನಾನು ಇಷ್ಟು ವರ್ಷ ಕಳೆದಿದ್ದೇನೆ.

ಆದ್ದರಿಂದ ಎಲ್ಲರೂ ಓದಲೆಂದು ಇಲ್ಲಿ ಬರೆದಿದ್ದೇನೆ. ನಿಮ್ಮೂರ ಅಂಗಳದಲ್ಲಿಯೂ ಹೇಳುತ್ತೇನೆ, ನೀನು ಬಂದರೂ ಬಾರದಿದ್ದರೂ. ಕ್ಷಮಿಸು ಎಂದು ಕೇಳುವುದಿಲ್ಲ. ಯಂಕಂಚಿಯ ಹೆಂಗಸರು ಅಂಜಿ ಮನೆಯೊಳಗೆ ಕೂತವರಲ್ಲ. ನನ್ನ ಮಾತು ನಂಬಿ ಬಿಸಿಲಿಗೆ ಬಂದವರು. ಅಂಜಿದವಳು ನಾನು.